ಸಣ್ಣ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದರೆ ಸಂಶೋಧನೆಗೆ ಅವಕಾಶ ಸಿಗುತ್ತದೆಯೇ?

ಪ್ರಶ್ನೆ: ಪದವಿ ಹಂತದಲ್ಲಿ ಮನಶ್ಶಾಸ್ತ್ರ ಓದಲು ಸಣ್ಣದೊಂದು ಲಿಬರಲ್ ಆರ್ಟ್ಸ್ (ಒಂದೇ ವಿಷಯಕ್ಕೆ ಸೀಮಿತವಾಗದೆ ಕಲೆ, ವಿಜ್ಞಾನಗಳೆರಡನ್ನೂ ಕಲಿಸುವ) ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದಿದ್ದೇನೆ. ದೊಡ್ಡ ಪ್ರಯೋಗಾಲಯಗಳಿಲ್ಲದ ಕಡೆ ಸಂಶೋಧನೆಯ ಅನುಭವ ದೊರೆಯುವುದೇ?

ಉತ್ತರ: ದೊರೆಯುತ್ತದೆ, ಎಷ್ಟೋ ಸಲ ದೊಡ್ಡ ಸಂಸ್ಥೆಗಳಿಗಿಂತ ಬೇಗನೆ ದೊರೆಯುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿಗಳು ತುಂಬಿರುವ ವಿಭಾಗದಲ್ಲಿ ಪ್ರಯೋಗವನ್ನು ರೂಪಿಸುವ ಮತ್ತು ದತ್ತಾಂಶವನ್ನು ವಿಶ್ಲೇಷಿಸುವ ಹೊಣೆ ಸಹಜವಾಗಿಯೇ ಅವರದಾಗುವುದರಿಂದ, ಪದವಿ ವಿದ್ಯಾರ್ಥಿಗೆ ಹೆಚ್ಚಾಗಿ ಉಳಿಯುವುದು ಪ್ರಶ್ನಾವಳಿ ಹಂಚುವ, ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಸಣ್ಣ ವಿಭಾಗದಲ್ಲಿ ಅಧ್ಯಾಪಕರ ನೆರವಿಗಿರುವವರು ಪದವಿ ವಿದ್ಯಾರ್ಥಿಗಳೇ. ಇದು ಇಂದಿನ ಮಾತಲ್ಲ. ಅಮೆರಿಕದ ವೆಲ್ಲೆಸ್ಲಿ ಕಾಲೇಜಿನಲ್ಲಿ ಮೇರಿ ಕಾಲ್ಕಿನ್ಸ್ 1891ರಲ್ಲೇ ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ಆರಂಭಿಸಿದ್ದರು. 1903ರಿಂದ ವ್ಯಾಸಾರ್ ಕಾಲೇಜಿನಲ್ಲಿ ಬೋಧಿಸಿದ ಮಾರ್ಗರೆಟ್ ವಾಶ್‌ಬರ್ನ್ ತಮ್ಮ ಪದವಿ ವಿದ್ಯಾರ್ಥಿನಿಯರನ್ನು ಸಹಲೇಖಕಿಯರನ್ನಾಗಿ ಸೇರಿಸಿಕೊಂಡು ಹಲವಾರು ಪ್ರಬಂಧಗಳನ್ನು ಪ್ರಕಟಿಸಿದರು.

ಉಪಕರಣದ ಕೊರತೆ ಜನ ಭಾವಿಸುವಷ್ಟು ದೊಡ್ಡದಲ್ಲ. ಮೆದುಳಿನ ಸ್ಕ್ಯಾನಿಂಗ್ ಯಂತ್ರ ಬೇಕೇಬೇಕು ಎನ್ನುವವರಿಗೆ ಸಣ್ಣ ಸಂಸ್ಥೆ ಒಗ್ಗದು, ನಿಜ. ಆದರೆ 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗವನ್ನು ಒಂದು ಲ್ಯಾಪ್‌ಟಾಪಿನಲ್ಲಿ ನಡೆಸಬಹುದು: ಹಸಿರು ಬಣ್ಣದಲ್ಲಿ ಮುದ್ರಿತವಾದ ‘ಕೆಂಪು’ ಎಂಬ ಪದವನ್ನು ತೋರಿಸಿ ಬಣ್ಣವನ್ನಷ್ಟೇ ಹೇಳಿರೆಂದರೆ, ಓದುಬಲ್ಲವರ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ, ಆ ತಡವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯಬಹುದು. ಇಷ್ಟು ಸರಳವಾದ ಪ್ರಯೋಗಕ್ಕೂ ಭಾಗವಹಿಸುವವರಿಗೆ ಹಾನಿಯಾಗದೆಂದು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಪಡೆಯಬೇಕು, ಭಾಗವಹಿಸುವವರ ಒಪ್ಪಿಗೆ ಪತ್ರ ಬರೆಸಬೇಕು, ಬಣ್ಣಗುರುಡು ಇರುವವರನ್ನು ಹೇಗೆ ಗುರುತಿಸುವುದೆಂದು ಮೊದಲೇ ತೀರ್ಮಾನಿಸಬೇಕು. ಕಲಿಕೆ ನಡೆಯುವುದು ಇಲ್ಲಿಯೇ. ಹಳೆಯ ಪ್ರಯೋಗಗಳನ್ನು ಮರಳಿ ಮಾಡಿ ನೋಡುವುದು ಬರೀ ಅಭ್ಯಾಸವೂ ಅಲ್ಲ. 2015ರಲ್ಲಿ ಪ್ರಕಟವಾದ ಸಾಮೂಹಿಕ ಪ್ರಯತ್ನವೊಂದರಲ್ಲಿ ಮನಶ್ಶಾಸ್ತ್ರದ ನೂರು ಅಧ್ಯಯನಗಳನ್ನು ಮರಳಿ ನಡೆಸಿದಾಗ, ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಾದ, ಅಂದರೆ ಬರೀ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ ಫಲಿತಾಂಶ ಕಂಡದ್ದು ಸುಮಾರು ಶೇಕಡಾ 36 ಅಧ್ಯಯನಗಳಲ್ಲಿ ಮಾತ್ರ.

ನಿಜವಾದ ತೊಡಕು ಬೇರೆಡೆ ಇದೆ. ಸಣ್ಣ ಕ್ಯಾಂಪಸ್ಸಿನಲ್ಲಿ ಪ್ರಯೋಗಕ್ಕೆ ಬರುವವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಬೆಳಿಗ್ಗೆ ಬಂದುಹೋದವರು ಮಧ್ಯಾಹ್ನ ಬರುವವರಿಗೆ ಗುಟ್ಟನ್ನು ಹೇಳಿಬಿಟ್ಟಿರುತ್ತಾರೆ. ಜನ ಕಡಿಮೆಯಾದಷ್ಟೂ ಸೂಕ್ಷ್ಮವಾದ ಪರಿಣಾಮಗಳನ್ನು ಗುರುತಿಸುವುದು ಕಷ್ಟವಾಗುತ್ತದೆ. ಜೊತೆಗೆ, ನಾಲ್ಕೈದು ಅಧ್ಯಾಪಕರಷ್ಟೇ ಇರುವ ವಿಭಾಗದಲ್ಲಿ ಒಬ್ಬರು ಸಂಶೋಧನಾ ರಜೆಯ ಮೇಲೆ ಹೋದರೆ ಮನಶ್ಶಾಸ್ತ್ರದ ಒಂದು ಶಾಖೆಯೇ ಆ ವರ್ಷ ಪಾಠಪಟ್ಟಿಯಿಂದ ಮಾಯವಾಗುವುದುಂಟು.

ಪದವಿಯೊಂದರಿಂದಲೇ ಯಾರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗುವುದಿಲ್ಲ, ಅದಕ್ಕೆ ಮುಂದಿನ ವ್ಯಾಸಂಗ ಮತ್ತು ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿ ಬೇಕು. ಅಂತಹ ಪ್ರವೇಶಕ್ಕೆ ಅರ್ಜಿ ಹಾಕುವಾಗ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಅಧ್ಯಾಪಕರ ಶಿಫಾರಸು ಪತ್ರಕ್ಕೆ ತೂಕವಿರುತ್ತದೆ. ಆದ್ದರಿಂದ ಸೇರುವ ಮುನ್ನ ವಿಭಾಗದವರಲ್ಲಿ ಎರಡು ವಿಷಯಗಳನ್ನು ವಿಚಾರಿಸಿ: ಕಳೆದ ಎರಡು ವರ್ಷಗಳಲ್ಲಿ ನಿಜಕ್ಕೂ ಬೋಧಿಸಿದ ಕೋರ್ಸುಗಳು ಯಾವುವು ಮತ್ತು ಅಂತಿಮ ವರ್ಷದ ಸಂಶೋಧನಾ ಪ್ರಬಂಧ ಎಲ್ಲರಿಗೂ ಕಡ್ಡಾಯವೇ ಅಥವಾ ಆಯ್ದ ಕೆಲವರಿಗೆ ಮಾತ್ರವೇ.