ಕಾಳಿಯ ಕರೆಂಟು, ಕೊಲ್ಲಿಯ ಗ್ಯಾಸು, ಕೊಟ್ಟಿಗೆಯ ಒಲೆ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತು. ಚಹಾ ಅಂಗಡಿ ಹತ್ತಿರ ಇದ್ದವರ ಜೀವ ಹೋಯಿತು. ಮಣ್ಣಿನ ಹೊಡೆತಕ್ಕೆ ಅಡುಗೆ ಅನಿಲದ ಟ್ಯಾಂಕರೊಂದು ಗಂಗಾವಳಿಗೆ ಬಿದ್ದು, ಮಳೆಗಾಲದ ಕೆಂಪು ನೀರಿನಲ್ಲಿ ತೇಲುತ್ತಾ ಕೆಳಗೆ ಹೋಯಿತು. ಅದನ್ನು ಹಿಡಿದು ಕಟ್ಟಿ, ದಂಡೆಯ ಜನರನ್ನು ಬೇರೆ ಕಡೆ ಕಳಿಸಿ, ಒಳಗಿದ್ದ ಗ್ಯಾಸನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಿಡಬೇಕಾಯಿತು.

ಈ ಟ್ಯಾಂಕರ್‌ಗಳು ನಮಗೆ ಹೊಸತಲ್ಲ. ಹೆದ್ದಾರಿ 66ರಲ್ಲಿ ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. 2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಒಂದು ಉರುಳಿ ಬೆಂಕಿ ಹತ್ತಿ, ಎಷ್ಟೋ ಮನೆಯವರು ತಮ್ಮವರನ್ನು ಕಳೆದುಕೊಂಡರು. ಇಷ್ಟು ಅಪಾಯ ಹೊತ್ತು ಬರುವ ಈ ಗ್ಯಾಸ್ ಎಲ್ಲಿಯದು? ದೇಶದ ಒಲೆಗಳಲ್ಲಿ ಉರಿಯುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ, ಅದರಲ್ಲೂ ಹೆಚ್ಚಿನದು ಕೊಲ್ಲಿ ದೇಶಗಳಿಂದ. ಹಡಗಿನಲ್ಲಿ ಬಂದು ಮಂಗಳೂರಿನಂಥ ಬಂದರುಗಳಲ್ಲಿ ಇಳಿಯುತ್ತದೆ. ಅಲ್ಲಿಂದ ಮುಂದೆ ರಸ್ತೆ. ಇಂಧನದಲ್ಲಿ ನಾವು ನಮ್ಮ ಕಾಲ ಮೇಲೆ ನಿಲ್ಲುವ, ಅದರ ಬೆಲೆ ಕೈಗೆಟುಕುವ ಮಾತನ್ನು ಈ ರಸ್ತೆಯಿಂದಲೇ ಶುರು ಮಾಡುತ್ತೇನೆ.

ಈ ಟ್ಯಾಂಕರ್‌ಗಳು ಹಾದು ಹೋಗುವ ನಮ್ಮ ಉತ್ತರ ಕನ್ನಡ ಜಿಲ್ಲೆಯಾದರೂ ಎಂಥದ್ದು? ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ. ಕಾಳಿ ಒಂದೇ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಅಣೆಕಟ್ಟುಗಳಿವೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ಹಳೆಯ ಸೂಪಾ ಊರು ನೀರಿನ ಅಡಿಗೆ ಹೋಯಿತು. ಅಲ್ಲಿಯ ಜನ ರಾಮನಗರದಲ್ಲಿ ಹೊಸದಾಗಿ ಬದುಕು ಶುರು ಮಾಡಿದರು. ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್, ಕದ್ರಾದಲ್ಲಿ 150, ಶರಾವತಿ ಕಡೆ ಗೇರುಸೊಪ್ಪದಲ್ಲಿ 240. ಇಷ್ಟಾದರೂ ಜೋಯಿಡಾದ ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದದ್ದು ತೀರಾ ತಡವಾಗಿ. ಅಣೆಕಟ್ಟಿನ ಬುಡದಲ್ಲಿದ್ದವರು ಬುಡ್ಡಿದೀಪದಲ್ಲಿ ಕೂತಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕದ್ರಾ ಹಿನ್ನೀರಿನ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು. ಮೊದಲನೇ ಘಟಕ 2018ರ ಡಿಸೆಂಬರ್ 31ರ ತನಕ ಒಂದೂ ದಿನ ನಿಲ್ಲದೆ 962 ದಿನ ಓಡಿತು. ಆಗ ಅದು ವಿಶ್ವದಾಖಲೆ. ಅದರಲ್ಲಿ ಉರಿದದ್ದು ನಮ್ಮ ದೇಶದ್ದೇ ಯುರೇನಿಯಂ. ಆದರೆ ಅದಕ್ಕೆ ಕೆಲವೇ ವರ್ಷ ಮೊದಲು ದೇಶದೊಳಗೆ ಯುರೇನಿಯಂ ಸಾಲದೆ ಪೇಚಾಟವಾಗಿತ್ತು. ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು ಕಾದು 2010ರ ಕೊನೆಗೆ ಶುರುವಾಯಿತು. ಕಟ್ಟಡ, ಯಂತ್ರ, ಎಂಜಿನಿಯರ್ ಎಲ್ಲ ನಮ್ಮದೇ ಇದ್ದರೂ ಒಲೆಗೆ ಹಾಕುವ ಸೌದೆ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಕಾರವಾರದವರು ಹತ್ತಿರದಿಂದ ನೋಡಿದ್ದಾರೆ.

ಇಂಧನ ಸ್ವಾವಲಂಬನೆಯ ಮಾತು ಬಂದಾಗಲೆಲ್ಲ ಕರೆಂಟು ಮತ್ತು ಎಣ್ಣೆಯನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ಹಾಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಕಾಳಿಯ ಕರೆಂಟು ಕಾರವಾರದ ಬೈತಖೋಲ ಬಂದರಿನ ಬೋಟಿನ ಟ್ಯಾಂಕಿಗೆ ಹೋಗುವುದಿಲ್ಲ, ಅಲ್ವಾ? ದೇಶ ಕೈಯೊಡ್ಡಿ ನಿಂತಿರುವುದು ಮುಖ್ಯವಾಗಿ ಎಣ್ಣೆ ಮತ್ತು ಗ್ಯಾಸಿಗೆ.

ಒಂದು ಕಾಲದಲ್ಲಿ ಈ ಕರಾವಳಿಗೆ ಎಣ್ಣೆಯೇ ಬೇಕಿರಲಿಲ್ಲ. ಕುಮಟಾದ ಹತ್ತಿ ಹಾಯಿ ಹಡಗುಗಳಲ್ಲಿ ಮುಂಬೈಗೆ ಹೋಗುತ್ತಿತ್ತು. ಮೀನು ಹಿಡಿಯಲು ರಂಪಣಿ ಇತ್ತು. ದೋಣಿಯವರು ಹುಟ್ಟು ಹಾಕಿಕೊಂಡು ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಿದ್ದರು. ದಂಡೆಯ ಮೇಲೆ ಕೇರಿಗೆ ಕೇರಿಯೇ ನಿಂತು ಎರಡೂ ತುದಿ ಎಳೆಯುತ್ತಿತ್ತು. ಬಂಗುಡೆ, ತಾರ್ಲೆ ರಾಶಿ ಬೀಳುತ್ತಿತ್ತು. 1970ರ ದಶಕದಲ್ಲಿ ಟ್ರಾಲ್ ಬೋಟು ಹೆಚ್ಚಾದವು, ಮೀನಿನ ಹಿಂಡನ್ನೇ ಸುತ್ತಿ ಹಿಡಿಯುವ ಪರ್ಸೀನ್ ಬಲೆ ಬಂತು, ರಂಪಣಿ ಹಿಂದೆ ಸರಿಯಿತು. ದೋಣಿಗೆ ಎಂಜಿನ್ ಕೂತಿತು. ನೂರು ಜನರ ತೋಳಿನ ಬಲ ಡೀಸೆಲ್ ಟ್ಯಾಂಕಿನೊಳಗೆ ಸೇರಿಕೊಂಡಿತು.

ಆ ಹೊತ್ತಿಗೇ ಜಗತ್ತಿನಲ್ಲಿ ಎಣ್ಣೆ ತುಟ್ಟಿಯಾಯಿತು. 1973ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಜೊತೆಗಿನ ಯುದ್ಧದ ಹೊತ್ತಿಗೆ ಅರಬ್ ದೇಶಗಳು ಎಣ್ಣೆ ಬಿಗಿ ಮಾಡಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ನಮ್ಮ ಪುಣ್ಯಕ್ಕೆ 1974ರಲ್ಲಿ ಮುಂಬೈ ಸಮುದ್ರದಲ್ಲಿ ಬಾಂಬೆ ಹೈ ಎಣ್ಣೆ ನಿಕ್ಷೇಪ ಸಿಕ್ಕಿತು. 1976ರಲ್ಲಿ ಅಲ್ಲಿಂದ ಎಣ್ಣೆ ಬರತೊಡಗಿತು. 1980ರ ದಶಕದ ಮಧ್ಯದಲ್ಲಿ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಹೆಚ್ಚಿನ ಪಾಲು ನಮ್ಮ ಬಾವಿಗಳದ್ದೇ. ಸ್ವಾವಲಂಬನೆಯ ಗುರಿಗೆ ಅಷ್ಟು ಹತ್ತಿರ ನಾವು ಮತ್ತೆ ಹೋಗಲೇ ಇಲ್ಲ. ಬಾವಿಗಳು ಹಳೆಯವಾದವು, ಗಾಡಿಗಳು ಹೆಚ್ಚಿದವು. ಈಗ ನೂರು ಲೀಟರ್‌ನಲ್ಲಿ 85 ಲೀಟರ್‌ಗಿಂತ ಜಾಸ್ತಿ ಹೊರಗಿನದು.

ಅದರ ಪೆಟ್ಟು ಹೇಗಿರುತ್ತದೆ ಅಂತ 1990ರಲ್ಲಿ ಗೊತ್ತಾಯಿತು. ಇರಾಕ್ ಕುವೈತಿಗೆ ನುಗ್ಗಿತು, ಎಣ್ಣೆ ಬೆಲೆ ಏರಿತು. ಮೊದಲೇ ಸೊರಗಿದ್ದ ನಮ್ಮ ಡಾಲರ್ ಖಜಾನೆ ಬರಿದಾಯಿತು. 1991ರಲ್ಲಿ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ಆ ಪಾಠದಿಂದ ಆದ ಒಂದು ಕೆಲಸ ನಮ್ಮ ಪಕ್ಕದಲ್ಲೇ ಇದೆ. ಉಡುಪಿ ಜಿಲ್ಲೆಯ ಪಾದೂರು, ಮಂಗಳೂರು ಮತ್ತು ವಿಶಾಖಪಟ್ಟಣದಲ್ಲಿ ಬಂಡೆ ಕೊರೆದು ನೆಲದಡಿ ಎಣ್ಣೆ ಕಣಜ ಮಾಡಿದ್ದಾರೆ. ಮೂರರಲ್ಲೂ ಸೇರಿ 53.3 ಲಕ್ಷ ಟನ್ ಹಿಡಿಯುತ್ತದೆ. ತುಂಬಿದ್ದರೆ ದೇಶಕ್ಕೆ ಒಂಬತ್ತು ಹತ್ತು ದಿನಕ್ಕೆ ಸಾಕು.

ಇನ್ನು ಬೆಲೆಯ ಮಾತು. ಮೊದಲು ಬೆಲೆ ಕಟ್ಟುತ್ತಿದ್ದದ್ದು ಸರಕಾರ. 2002ರ ಏಪ್ರಿಲ್‌ನಲ್ಲಿ ಆ ಪದ್ಧತಿ ಕಾಗದದ ಮೇಲೆ ಮುಗಿಯಿತು. ನಿಜವಾಗಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟದ್ದು 2010ರಲ್ಲಿ, ಡೀಸೆಲ್ ಬೆಲೆಯನ್ನು 2014ರಲ್ಲಿ. 2017ರ ಜೂನ್‌ನಿಂದ ಬೆಲೆ ದಿನದಿನ ಬದಲಾಗುವ ಏರ್ಪಾಟು ಬಂತು. ಜಗತ್ತಿನಲ್ಲಿ ಬೆಲೆ ಏರಿದರೆ ನಮಗೂ ಏರುತ್ತದೆ, ಇಳಿದರೆ ನಮಗೂ ಇಳಿಯುತ್ತದೆ ಅಂತ ಹೇಳಿದ್ದರು. ಆದರೆ ಬಂಕಿನಲ್ಲಿ ನಾವು ಕೊಡುವ ದುಡ್ಡಿನಲ್ಲಿ ಎಣ್ಣೆಯದ್ದಷ್ಟೇ ಅಲ್ಲ, ಕೇಂದ್ರದ ಸುಂಕವೂ ರಾಜ್ಯದ ತೆರಿಗೆಯೂ ಇರುತ್ತದೆ. 2020ರಲ್ಲಿ ಕೊರೋನಾ ಕಾಲಕ್ಕೆ ಕಚ್ಚಾ ಎಣ್ಣೆ ನೆಲ ಕಚ್ಚಿದಾಗ ಸುಂಕ ಏರಿತು, ಇಳಿತದ ಲಾಭ ಜನರ ಕೈಗೆ ಬರಲಿಲ್ಲ.

ತೆರಿಗೆಯ ಈ ಪಾಠ ಕಾರವಾರದವರಿಗೆ ಪುಸ್ತಕದಿಂದ ಕಲಿಸಬೇಕಿಲ್ಲ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ. 2012ರಲ್ಲಿ ಮನೋಹರ್ ಪರ್ರೀಕರ್ ಸರಕಾರ ಅಲ್ಲಿ ಪೆಟ್ರೋಲ್ ಮೇಲಿನ ವ್ಯಾಟ್ ಅನ್ನು ಶೇಕಡಾ 0.1ಕ್ಕೆ ಇಳಿಸಿತು. ಲೀಟರ್‌ಗೆ ಸುಮಾರು 11 ರೂಪಾಯಿ ಕಡಿಮೆಯಾಯಿತು. ಆಮೇಲೆ ಅಲ್ಲೂ ತೆರಿಗೆ ಏರಿದೆ, ಆದರೂ ಗಡಿ ದಾಟಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಇಲ್ಲಿ ರೂಢಿ. ಅದೇ ಸಮುದ್ರ, ಅದೇ ಎಣ್ಣೆ, ನಡುವೆ ಒಂದು ಚೆಕ್‌ಪೋಸ್ಟ್. ಬೆಲೆ ಕೈಗೆಟುಕುವ ಹಾಗೆ ಮಾಡುವುದು ಸರಕಾರಗಳಿಂದ ಸಾಧ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗೆ ಇಳಿಸಿದರೆ ಖಜಾನೆಗೆ ಬೇರೆ ಕಡೆಯಿಂದ ದುಡ್ಡು ತರಬೇಕು ಅನ್ನುವುದೂ ಅಷ್ಟೇ ನಿಜ.

ಮೀನುಗಾರರಿಗೆ ರಾಜ್ಯ ಸರಕಾರ ಕೋಟಾ ಕೊಟ್ಟು ಆ ಡೀಸೆಲ್ ಮೇಲಿನ ತೆರಿಗೆ ಬಿಟ್ಟಿದೆ. ಅಷ್ಟಾದರೂ ಇದೆಯಲ್ಲ ಅನ್ನಿ. ಬೈತಖೋಲ ಬಂದರಿನಲ್ಲಿ ಒಬ್ಬ ತಾಂಡೇಲರು, ಅಂದರೆ ಬೋಟು ನಡೆಸುವವರು, ಬೋಟಿಗೆ ಐಸ್ ಹಾಕಿಸುತ್ತಾ ನನಗೆ ಹೇಳಿದ್ದು ನೆನಪಿದೆ: "ಐಸಿಗೆ ಸಾಲ ಮಾಡ್ಬಹುದು, ರೇಶನ್ನಿಗೆ ಮಾಡ್ಬಹುದು. ಡೀಸೆಲ್ ಮಾತ್ರ ಮೊದಲೇ ತುಂಬ್ಬೇಕು. ಮೀನು ಸಿಕ್ತದೋ ಇಲ್ವೋ ಸಮುದ್ರಕ್ಕೇ ಗೊತ್ತು." ಮೀನು ದೂರ ಸರಿದಷ್ಟೂ ಡೀಸೆಲ್ ಜಾಸ್ತಿ ಬೇಕು. ನಾಡದೋಣಿಯವರದ್ದು ಇನ್ನೂ ಕಷ್ಟ. ಅವರ ಎಂಜಿನ್‌ಗಳು ಸೀಮೆಎಣ್ಣೆಯವು, ಸೀಮೆಎಣ್ಣೆಯೇ ಸಿಗುವುದು ಕಡಿಮೆಯಾಗಿದೆ.

ಪೆಟ್ರೋಲಿಗೆ ಎಥನಾಲ್ ಸೇರಿಸುವ ದಾರಿಯೂ ಇದೆ. 2003ರಲ್ಲಿ ಶೇಕಡಾ 5ರಿಂದ ಶುರುವಾಗಿ 2025ಕ್ಕೆ ಶೇಕಡಾ 20ಕ್ಕೆ ಬಂದಿದೆ. ಆಮದು ಕಡಿಮೆಯಾಗುತ್ತದೆ, ಕಬ್ಬು ಬೆಳೆಯುವ ಹಳಿಯಾಳದಂಥ ಕಡೆ ರೈತರಿಗೆ ಅನುಕೂಲ. ಬಂಕಿನಲ್ಲಿ ಮಾತ್ರ ಅದರಿಂದ ಬೆಲೆ ಇಳಿದದ್ದು ನಾನು ಕಂಡಿಲ್ಲ. ತದಡಿಯಲ್ಲಿ 4000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಮಾಡುವ ಮಾತಿತ್ತು. ಅಘನಾಶಿನಿ ನದಿಯ ಬಳಚು (ಚಿಪ್ಪುಮೀನು), ಮೀನು, ಗದ್ದೆ ನಂಬಿದ ಜನ ಬೇಡವೇ ಬೇಡ ಅಂದರು. ಅದಕ್ಕೂ ಹಡಗಿನಲ್ಲೇ ಕಲ್ಲಿದ್ದಲು ಬರಬೇಕಿತ್ತು. ಅದು ನಿಂತದ್ದೇ ಒಳ್ಳೆಯದಾಯಿತು.

ಈಗ ಘಟ್ಟ ಹತ್ತೋಣ. ನನಗೆ ಹೇಳಲೇಬೇಕಾದ ವಿಷಯ ಇರುವುದು ಶಿರಸಿ ಸೀಮೆಯಲ್ಲಿ.

1981-82ರಲ್ಲಿ ಕೇಂದ್ರ ಸರಕಾರ ದೇಶವ್ಯಾಪಿ ಗೋಬರ್ ಗ್ಯಾಸ್ ಯೋಜನೆ ಶುರು ಮಾಡಿತು. ಸಬ್ಸಿಡಿ ಕೊಟ್ಟರು, ಗುಂಡಿ ತೋಡಿದರು. ದೇಶದ ಎಷ್ಟೋ ಕಡೆ ಒಂದೆರಡು ವರ್ಷದಲ್ಲಿ ಆ ಗುಂಡಿಗಳು ಹಾಳುಬಿದ್ದವು. ಶಿರಸಿಯಲ್ಲಿ ಹಾಗಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಲ್ಲಿಯ ಹಳ್ಳಿಗಳಿಗೆ ಬಂದು ನೋಡಿ, ಇದನ್ನು ಯಶಸ್ಸಿನ ಕಥೆ ಅಂತಲೇ 2001ರಲ್ಲಿ ಬರೆದರು. ಅವರು ನೋಡಿದ ಹಳ್ಳಿಗಳಲ್ಲಿ ಕಟ್ಟಿದ ಘಟಕಗಳೆಲ್ಲ ಉರಿಯುತ್ತಿದ್ದವು. ಕಾರಣ ದೊಡ್ಡ ತಂತ್ರಜ್ಞಾನ ಅಲ್ಲ. ಕಟ್ಟುವವರು ಊರಿನ ಸುತ್ತಮುತ್ತಲಿನವರೇ. ಗ್ಯಾಸ್ ಬರದಿದ್ದರೆ ತಾವೇ ಬಂದು ಸರಿಮಾಡಿ ಕೊಡುತ್ತಿದ್ದರು. ಸಬ್ಸಿಡಿಯ ಕಾಗದ ಪತ್ರವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ನಾಳೆ ಅದೇ ಊರಿನ ಮದುವೆ ಮನೆಯಲ್ಲಿ ಎದುರಾಗುವ ಮನುಷ್ಯ ಕೆಟ್ಟ ಕೆಲಸ ಮಾಡಿ ಹೋಗುವುದು ಕಷ್ಟ.

ನಮ್ಮ ಮನೆಯ ಘಟಕ ನನಗೆ ಬುದ್ಧಿ ಬಂದಾಗಿನಿಂದ ಇದೆ. ದೀನಬಂಧು ಮಾದರಿ, ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಮೇಲೆ ಕಾಣುವುದು ಒಂದು ತೊಟ್ಟಿ ಮತ್ತು ಒಂದು ಪೈಪು. ಬೆಳಿಗ್ಗೆ ಆಯಿ ಕೊಟ್ಟಿಗೆಯ ಸಗಣಿ ಬಾಚಿ ತೊಟ್ಟಿಗೆ ಹಾಕಿ, ಅಷ್ಟೇ ನೀರು ಹೊಯ್ದು ಕೈಯಿಂದ ಕಲಸುತ್ತಿದ್ದಳು. ಹುಲ್ಲಿನ ಎಸಳು, ಕಲ್ಲು ಸಿಕ್ಕರೆ ತೆಗೆದು ಆಚೆ ಹಾಕುವುದು. ಆಮೇಲೆ ತೂತಿನ ಬಿರಡೆ ತೆಗೆದರೆ ಗುಳುಗುಳು ಅಂತ ಒಳಗೆ ಇಳಿಯುತ್ತಿತ್ತು. ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಅದರಿಂದ ಬರುವ ಗ್ಯಾಸ್ ಸುಮಾರು 850 ಗ್ರಾಂ ಎಲ್‌ಪಿಜಿಗೆ ಸಮ. ಅಂದರೆ ಹದಿನಾರು ಹದಿನೇಳು ದಿನಕ್ಕೆ ಒಂದು ಸಿಲಿಂಡರ್ ಕೊಟ್ಟಿಗೆಯಲ್ಲೇ ಹುಟ್ಟಿದ ಹಾಗೆ. ಉಳಿದ ಬಗ್ಗಡ ಅಡಿಕೆ ತೋಟಕ್ಕೆ ಗೊಬ್ಬರ. ಉರಿದ ಮೇಲೂ ಗೊಬ್ಬರ ಉಳಿಸುವ ಇಂಧನ ಬೇರೆ ಯಾವುದಿದೆ ಹೇಳಿ.

ಮಳೆಗಾಲದ ಥಂಡಿಗೆ ಗ್ಯಾಸ್ ಕಡಿಮೆಯಾಗುತ್ತಿತ್ತು. ಚಹಾಕ್ಕೆ ಇಟ್ಟ ನೀರು ಕುದಿಯುವ ಮೊದಲೇ ಉರಿ ಸಣ್ಣಗಾಗುತ್ತಿತ್ತು. ಬಚ್ಚಲ ಹಂಡೆಗೆ, ಅಡಿಕೆ ಬೇಯಿಸಲು ಸೌದೆಯೇ ಆಗಬೇಕಿತ್ತು. ಆದರೆ ಅಡುಗೆ ಮನೆಯ ಗೋಡೆಗೆ ಹೊಗೆ ಹಿಡಿಯುವುದು ನಿಂತಿತು, ಆಯಿಯ ಕೆಮ್ಮು ನಿಂತಿತು. 1990-91ರ ಆ ಕೊಲ್ಲಿ ಯುದ್ಧದ ಕಾಲದಲ್ಲೂ ನಮ್ಮ ಕೇರಿಯ ಒಲೆ ಆರಿರಲಿಲ್ಲ.

ಈಗ ಅದೇ ಕೇರಿಯಲ್ಲಿ ಅರ್ಧಕ್ಕರ್ಧ ತೊಟ್ಟಿಗಳು ಒಣಗಿವೆ. ಮಕ್ಕಳು ಬೆಂಗಳೂರಿನಲ್ಲಿ, ಹುಲ್ಲು ತರುವವರಿಲ್ಲ, ನಾಲ್ಕೈದು ದನ ಇದ್ದ ಕಡೆ ಒಂದಿದೆ ಇಲ್ಲವೇ ಅದೂ ಇಲ್ಲ. ಇದ್ದದ್ದು ಮಲೆನಾಡು ಗಿಡ್ಡವಾದರೆ ಮೈ ಸಣ್ಣದು, ಸಗಣಿಯೂ ಕಡಿಮೆ, ಹಗಲು ಬೆಟ್ಟದಲ್ಲಿ ಮೇಯುವಾಗ ಬಿದ್ದದ್ದು ಕೊಟ್ಟಿಗೆಗೆ ಬರುವುದಿಲ್ಲ. 2016ರಲ್ಲಿ ಶುರುವಾದ ಉಜ್ವಲಾ ಬಡ ಹೆಣ್ಣುಮಕ್ಕಳ ಅಡುಗೆ ಮನೆಗೆ ಸಿಲಿಂಡರ್ ತಂದುಕೊಟ್ಟಿತು. ಅದು ದೊಡ್ಡ ಉಪಕಾರ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಸಿಲಿಂಡರಿಗೆ ಪ್ರತಿ ಸಲ ಸಬ್ಸಿಡಿ ಕೊಡಬೇಕು, ಅದರ ಗ್ಯಾಸಿಗೆ ಪ್ರತಿ ಸಲ ಡಾಲರ್ ಕೊಡಬೇಕು. ತೊಟ್ಟಿಗೆ ಒಂದೇ ಸಲ ಕೊಟ್ಟರೆ ಮುಗಿಯಿತು. ಹಾಲಿನ ಸಂಘಕ್ಕೆ ಹಾಲು ಹಾಕುವ ಮನೆಗಳಲ್ಲಿ ಇವತ್ತೂ ಸಗಣಿ ಇದೆ. ಒಂದು ಮನೆಗೆ ಸಾಲದಿದ್ದರೆ ನಾಲ್ಕು ಮನೆ ಸೇರಿ ಒಂದು ಘಟಕ ಮಾಡಬಹುದು. ಹಳೆಯ ಗುಮ್ಮಟ ರಿಪೇರಿಗೂ ಸಹಾಯಧನ ಸಿಗಬೇಕು, ರಿಪೇರಿ ಗೊತ್ತಿರುವ ಕೈಗಳಿಗೆ ಕೆಲಸ ಸಿಗಬೇಕು. ಆ ಕೈಗಳಿಗೆ ವಯಸ್ಸಾಗುತ್ತಿದೆ.

ಹೋದ ವರ್ಷ ನಮ್ಮ ತೊಟ್ಟಿಯ ಪೈಪು ಕಟ್ಟಿಕೊಂಡಿತ್ತು. ಅದನ್ನು ಕಟ್ಟಿದವರೇ ಬಂದರು, ಈಗ ಎಪ್ಪತ್ತು ದಾಟಿದ್ದಾರೆ. ಉದ್ದ ಬಿದಿರು ಹಾಕಿ ತುಂಬಾ ಹೊತ್ತು ತಿವಿದರು. ಆಯಿ ಒಳಗೆ ಒಲೆ ಹತ್ತಿರ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಳು. "ಈಗ ಹಚ್ಚಿ ನೋಡಿ ಅಮ್ಮ" ಅಂತ ಅವರು ಹಿತ್ತಲಿಂದ ಕೂಗಿದರು. ಮೊದಲನೇ ಕಡ್ಡಿ ಸುಮ್ನೆ ಉರಿದು ಹೋಯಿತು. ಎರಡನೇದಕ್ಕೆ ನೀಲಿ ಉರಿ ಬಂತು. ಆಯಿ ಚಹಾಕ್ಕೆ ನೀರಿಟ್ಟಳು, ಅವರಿಗೂ ಸೇರಿಸಿ.