ಮನಸ್ಸು ಬರಲಿ ಅಂತ ಕಾಯಬೇಡಿ

ಮೈಸೂರಿನ ನನ್ನ ಕ್ಲಿನಿಕ್ಕಿಗೆ ಬರುವವರು ಮೊದಲ ದಿನ ನಿದ್ದೆಯ ಬಗ್ಗೆ ಹೇಳುತ್ತಾರೆ, ಅಳುವಿನ ಬಗ್ಗೆ ಹೇಳುತ್ತಾರೆ, ಎದೆ ಡವಡವ ಅನ್ನುವುದನ್ನು ಹೇಳುತ್ತಾರೆ. ಎರಡು ಮೂರು ಸಲ ಬಂದು ಸಲಿಗೆ ಬೆಳೆದ ಮೇಲೆ ಇನ್ನೊಂದು ಮಾತು ಹೊರಗೆ ಬರುತ್ತದೆ. "ಡಾಕ್ಟ್ರೇ, ಯಾವುದಕ್ಕೂ ಮನಸ್ಸೇ ಬರಲ್ಲ. ಸ್ನಾನ ಮಾಡೋಕೂ ಬರಲ್ಲ." ಇದನ್ನು ಹೇಳುವಾಗ ತಲೆ ತಗ್ಗಿಸುತ್ತಾರೆ. ನಿದ್ದೆ ಬರದಿದ್ದರೆ ಅದು ಕಾಯಿಲೆ, ಸ್ನಾನ ಮಾಡಲು ಆಗದಿದ್ದರೆ ಅದು ಸೋಮಾರಿತನ ಅಂತ ಅವರೇ ನಂಬಿಬಿಟ್ಟಿರುತ್ತಾರೆ. ಜೊತೆಗೆ ಬಂದವರಂತೂ ಗಟ್ಟಿಯಾಗಿ ನಂಬಿರುತ್ತಾರೆ.

ಎರಡೂ ಕಾಯಿಲೆಯದೇ. ನಾವು ಬೆಳಿಗ್ಗೆ ಹಾಸಿಗೆ ಬಿಡುವುದು ಮುಂದೆ ಏನೋ ಸಿಗುತ್ತದೆ ಅನ್ನುವ ಆಸೆಯಿಂದ. ಕಾಫಿ ಇರಬಹುದು, ಪೇಪರ್ ಇರಬಹುದು, ಮಗುವಿನ ಮುಖ ಇರಬಹುದು. ಖಿನ್ನತೆ ಬಂದಾಗ ಈ ಆಸೆ ಹುಟ್ಟುವ ಜಾಗವೇ ಮಂಕಾಗುತ್ತದೆ. ಕಾಫಿ ಅಲ್ಲೇ ಇರುತ್ತದೆ, ಅದು ರುಚಿಸೀತು ಅಂತ ಅನ್ನಿಸುವುದೇ ಇಲ್ಲ. ಸ್ಕಿಜೋಫ್ರೀನಿಯಾ ಅಂತ ಒಂದು ಕಾಯಿಲೆ, ಅದರಲ್ಲಿ ಇಲ್ಲದ ದನಿಗಳು ಕಿವಿಗೆ ಕೇಳಿಸಬಹುದು; ಮಾತ್ರೆಗೆ ಆ ದನಿಗಳು ನಿಂತ ಮೇಲೂ ಈ ಮಂಕು ತಿಂಗಳುಗಟ್ಟಲೆ ಉಳಿಯಬಹುದು. ಕೆಲವು ಮಾತ್ರೆಗಳಿಂದ ಬೆಳಗಿನ ಹೊತ್ತು ತೂಕಡಿಕೆ ಇರುತ್ತದೆ. ಥೈರಾಯ್ಡ್ ಕಡಿಮೆಯಾಗಿದ್ದರೂ, ರಕ್ತಹೀನತೆ ಇದ್ದರೂ, ಬಿ12 ಕೊರತೆ ಇದ್ದರೂ ಮೈ ಹೀಗೇ ಭಾರವಾಗುತ್ತದೆ. ಅದಕ್ಕೇ "ಮನಸ್ಸು ಗಟ್ಟಿ ಮಾಡ್ಕೊ" ಅನ್ನುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಕೇಳಿಕೊಳ್ಳುವುದು.

ಇದೆಲ್ಲ ನೋಡಿದ ಮೇಲೂ ಪ್ರಶ್ನೆ ಉಳಿಯುತ್ತದೆ. ನಾಳೆ ಬೆಳಿಗ್ಗೆ ಏಳುವುದು ಹೇಗೆ? ಹುಮ್ಮಸ್ಸು ಎಲ್ಲಿಂದ ತರುವುದು?

ನನ್ನ ಉತ್ತರ ಒಂದೇ. ಹುಮ್ಮಸ್ಸಿಗೆ ಕಾಯಬೇಡಿ. ಆರೋಗ್ಯವಾಗಿರುವಾಗ ಮೊದಲು ಮನಸ್ಸು ಬರುತ್ತದೆ, ಆಮೇಲೆ ಕೆಲಸ ಆಗುತ್ತದೆ. ಕಾಯಿಲೆಯಲ್ಲಿ ಕೆಲಸ ಮೊದಲು ಆಗಬೇಕು. ಮನಸ್ಸು ನಿಧಾನವಾಗಿ ಹಿಂದಿನಿಂದ ಬರುತ್ತದೆ, ಕೆಲವು ದಿನ ಬರುವುದೂ ಇಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲ್ಯೂಯಿನ್‌ಸನ್ ಈ ದಾರಿಯಲ್ಲಿ ಚಿಕಿತ್ಸೆ ರೂಪಿಸಿದರು. ನಮ್ಮದೇ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಕಷ್ಟು ತೀವ್ರ ಖಿನ್ನತೆ ಇದ್ದವರಿಗೆ ಇದನ್ನು ಆರರಿಂದ ಎಂಟು ಭೇಟಿಗಳಲ್ಲಿ ಕಲಿಸಿ ನೋಡಿದರು. ಕಲಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯರು. ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು. 2017ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಮಾಡುವುದು ಹೇಗೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕುವೆಂಪುನಗರದ ಕಡೆಯ ಒಬ್ಬ ಶಿಕ್ಷಕಿ, ಖಿನ್ನತೆಯಿಂದ ರಜೆಯ ಮೇಲಿದ್ದರು. ಅವರಿಗೆ ಕೆಲಸಕ್ಕಿಂತ ದೊಡ್ಡ ಚಿಂತೆ ಬಾಗಿಲ ಮುಂದಿನ ರಂಗೋಲಿ. "ಏಳು ಗಂಟೆಯಾದ್ರೂ ರಂಗೋಲಿ ಬಿದ್ದಿಲ್ಲ ಅಂದ್ರೆ ಎದುರುಮನೆಯವರು ಕೇಳ್ತಾರೆ ಮೇಡಂ. ಏನು ಹೇಳ್ಲಿ?" ಖಿನ್ನತೆಯಲ್ಲಿ ತುಂಬ ಜನರಿಗೆ ಬೆಳಗಿನ ಹೊತ್ತೇ ಅತಿ ಕಷ್ಟದ ಹೊತ್ತು, ಮಧ್ಯಾಹ್ನದ ಮೇಲೆ ಕೊಂಚ ಹಗುರ. ಅಂದರೆ ದಿನದ ಅತಿ ಕಷ್ಟದ ಗಂಟೆಯಲ್ಲಿ, ಬೀದಿಯವರ ಕಣ್ಣೆದುರಿಗೆ ಅವರು ದಿನಾ ಪರೀಕ್ಷೆ ಬರೆಯುತ್ತಿದ್ದರು. ದಿನಾ ಫೇಲಾಗುತ್ತಿದ್ದರು.

ಬಾಗಿಲಿಗೆ ನೀರು ಹಾಕಿ ನಾಲ್ಕು ಗೆರೆ ಎಳೆಯುವುದನ್ನು ಗಂಡ ವಹಿಸಿಕೊಂಡರು. ಇವರಿಗೆ ಹನ್ನೊಂದು ಗಂಟೆಗೆ ಒಂದೇ ಕೆಲಸ, ಕೂತುಕೊಂಡು ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬಿಡಿಸುವುದು. ಅಡುಗೆ ಮಾಡಬೇಕಾಗಿಲ್ಲ, ಸೊಪ್ಪು ಬಿಡಿಸಿದರೆ ಸಾಕು. ಮೊದಲು, ಇದರಿಂದ ಹತ್ತಕ್ಕೆ ಎಷ್ಟು ಹಿತ ಆಗಬಹುದು ಅಂತ ಅಂದಾಜು ಬರೆಯಬೇಕು. ಮಾಡಿದ ಮೇಲೆ ನಿಜಕ್ಕೂ ಎಷ್ಟಾಯಿತು ಅಂತ ಬರೆಯಬೇಕು. ಬರೆಯಲು ಹೊಸ ಡೈರಿ ಬೇಡ. ನಮ್ಮ ಅಡುಗೆಮನೆಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಬರೆದಿಡುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರ ಮನೆಯೊಳಗೇ ಎರಡು ಅಂಕಿ. ಅವರ ಮೊದಲ ಅಂದಾಜು ಸೊನ್ನೆ. ಮಾಡಿದ ಮೇಲೆ ಬರೆದದ್ದು ಎರಡು.

"ಖುಷಿ ಆಯ್ತಾ?" ಅಂತ ಕೇಳಿದೆ.

"ಖುಷಿ ಏನಿಲ್ಲ. ಆದ್ರೆ ಸಂಜೆವರೆಗೂ ಕೈಯಲ್ಲಿ ಸೊಪ್ಪಿನ ವಾಸನೆ ಇತ್ತು. ಚೆನ್ನಾಗಿತ್ತು."

ಸೊನ್ನೆಗೂ ಎರಡಕ್ಕೂ ನಡುವಿನ ಆ ವ್ಯತ್ಯಾಸವೇ ನನಗೆ ಬೇಕಾಗಿದ್ದು. "ಮಾಡಿದ್ರೂ ಏನೂ ಪ್ರಯೋಜನ ಇಲ್ಲ" ಅಂತ ಕಾಯಿಲೆ ಹೇಳುವ ಮಾತು ಪೂರ್ತಿ ನಿಜವಲ್ಲ ಅನ್ನುವುದಕ್ಕೆ ಅವರದೇ ಕೈಬರಹದ ಸಾಕ್ಷಿ ಸಿಕ್ಕಿತು. ಹದಿನೈದು ದಿನ ಇಂಥ ಅಂಕಿ ಸೇರಿದರೆ ಅದರ ಮುಂದೆ ನನ್ನ ಉಪದೇಶ ಯಾವ ಲೆಕ್ಕಕ್ಕೂ ಇಲ್ಲ.

ಕೆಲಸ ಆರಿಸುವಾಗ ಜನ ಸಾಮಾನ್ಯವಾಗಿ ತಮ್ಮ ಒಳ್ಳೆಯ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುತ್ತಾರೆ. "ನಾಳೆಯಿಂದ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ವಾಕಿಂಗ್" ಅನ್ನುತ್ತಾರೆ. ಎರಡು ದಿನ ಹೋಗುತ್ತಾರೆ, ಮೂರನೇ ದಿನ ಆಗುವುದಿಲ್ಲ, ಅಲ್ಲಿಗೆ ಮುಗಿಯಿತು. ಅತಿ ಕೆಟ್ಟ ದಿನದಲ್ಲೂ ಆಗುವಷ್ಟು ಸಣ್ಣ ಕೆಲಸ ಇಟ್ಟುಕೊಳ್ಳಿ. ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ಬರುವುದು ಒಂದು ಕೆಲಸವೇ. ಮುಖ ತೊಳೆದು ಬಿಸಿಲಲ್ಲಿ ಹತ್ತು ನಿಮಿಷ ಕೂರುವುದೂ ಕೆಲಸವೇ. ಹೊತ್ತು ಮೊದಲೇ ಗೊತ್ತು ಮಾಡಿಕೊಂಡಿರಿ. "ಆಮೇಲೆ ನೋಡೋಣ" ಅಂತ ಬಿಟ್ಟರೆ ಪ್ರತಿಸಲ ಹೊಸದಾಗಿ ತೀರ್ಮಾನ ಮಾಡಬೇಕು, ಆ ತೀರ್ಮಾನಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಒಂದು ದಿನ ತಪ್ಪಿದರೆ ಕ್ಯಾಲೆಂಡರಿನ ಆ ಮನೆ ಖಾಲಿ ಬಿಡಿ. ಮಾರನೇ ದಿನ ಎರಡರಷ್ಟು ಮಾಡಲು ಹೋಗಬೇಡಿ.

ಇನ್ನೊಬ್ಬ ಹುಡುಗ, ಪಾಂಡವಪುರದ ಕಡೆಯ ಹಳ್ಳಿಯವನು. ಸ್ಕಿಜೋಫ್ರೀನಿಯಾ. ಮಾತ್ರೆಗೆ ದನಿಗಳು ನಿಂತಿದ್ದವು. ಅವನ ತಾಯಿಯ ದೂರು ಬೇರೆ. "ಉಣ್ತಾನೆ, ಮನಿಕ್ಕತಾನೆ, ಅಷ್ಟೇಯ. ಅಪ್ಪ ಬೈಯ್ತರೆ, ಚಿಕ್ಕಪ್ಪ ಬೈಯ್ತರೆ. ಬೆಳಗ್ಗೆ ಎದ್ದು ಡೈರಿಗೆ ಹಾಲಾದ್ರೂ ಹಾಕ್ಲಿ ಅಂತರೆ." ಹುಡುಗ ರಾತ್ರಿ ಒಂಬತ್ತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಬೆಳಿಗ್ಗೆ ಆರಕ್ಕೆ ಅವನಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಹಾಲು ಸಂಜೆಯೂ ಹಾಕುತ್ತಾರೆ ಅಲ್ವಾ? ಬೆಳಗಿನದು ಅಪ್ಪನಿಗೆ, ಸಂಜೆಯದು ಇವನಿಗೆ ಅಂತ ಮಾತಾಯಿತು. ಮಾತ್ರೆಯ ಹೊತ್ತನ್ನೂ ಒಂಬತ್ತಕ್ಕಿಂತ ಸ್ವಲ್ಪ ಮುಂಚೆಗೆ ತಂದೆವು.

ಆದರೂ ಅವನು ಹೋಗಲಿಲ್ಲ. ಕೆದಕಿ ಕೇಳಿದಾಗ ನಿಜ ಹೊರಗೆ ಬಂತು. ಅವನಿಗೆ ಹಾಲಿನ ಕ್ಯಾನ್ ಭಾರವಾಗಿರಲಿಲ್ಲ. ಡೈರಿ ಮುಂದಿನ ಸಾಲಿನಲ್ಲಿ ನಿಂತಾಗ ಜನ ಕೇಳುವ ಪ್ರಶ್ನೆಗೆ ಹೆದರಿದ್ದ. "ಏನ್ಲಾ, ಮೈಸೂರ್ ಆಸ್ಪತ್ರೇಲಿ ಇದ್ಯಂತೆ?" ಅನ್ನುತ್ತಾರಲ್ಲ, ಅದಕ್ಕೆ. ಹಾಗಾಗಿ ನಾವು ಉತ್ತರ ಅಭ್ಯಾಸ ಮಾಡಿದೆವು. ಕ್ಲಿನಿಕ್ಕಿನಲ್ಲೇ, ನಾನು ಡೈರಿಯ ಗೌಡರಾಗಿ, ಅವನು ಅವನೇ ಆಗಿ. "ಹೂಂ ಮಾವ, ನಿದ್ದೆ ಬತ್ತಿರ್ಲಿಲ್ಲ, ತಲೆ ಕೆಟ್ಟಂಗಾಗಿತ್ತು. ಔಸ್ದಿ ತಗತಾ ಇವ್ನಿ, ಈಗ ಪರವಾಗಿಲ್ಲ." ಅಷ್ಟು ಹೇಳಿ ಪಾಸ್‌ಬುಕ್ ಮುಂದೆ ಚಾಚುವುದು. ಸುಳ್ಳು ಹೇಳಬೇಕಾಗಿಲ್ಲ, ಇಡೀ ಕಥೆಯನ್ನೂ ಹೇಳಬೇಕಾಗಿಲ್ಲ. ಸಿದ್ಧ ಉತ್ತರ ಬಾಯಲ್ಲಿದ್ದ ಮೇಲೆ ಅವನು ಸಂಜೆಯ ಹಾಲಿಗೆ ಹೊರಟ. ಮೊದಲ ವಾರ ಅವನ ತಮ್ಮನೂ ಜೊತೆಗಿದ್ದ.

ಸಮಾಜದ ಒತ್ತಡ ಅಂತ ನಾವು ದೊಡ್ಡದಾಗಿ ಮಾತಾಡುತ್ತೇವೆ. ನಾನು ಕಂಡಂತೆ ಅದು ಹೀಗೆ ಡೈರಿಯ ಸಾಲಿನಲ್ಲಿ, ಎದುರುಮನೆಯ ಬಾಗಿಲಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಒಂದೊಂದು ಪ್ರಶ್ನೆಯಾಗಿ ಬರುತ್ತದೆ. "ಇನ್ನೂ ಕೆಲಸ ಸಿಕ್ಕಿಲ್ವಾ?" "ಯಾಕೆ ಇಷ್ಟು ದಪ್ಪ ಆದೆ?" "ಇನ್ನೂ ಮಾತ್ರೆ ತಗೋತಿದ್ಯಾ?" ಕೇಳುವವರು ಕೆಟ್ಟವರೇನಲ್ಲ. ಆದರೆ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಐನೂರು ಜನ ದೊಡ್ಡವರು ಸೇರಿದ ಮದುವೆಯಲ್ಲಿ ಸುಮಾರು ಐವತ್ತು ಮಂದಿ. ಪ್ರಶ್ನೆ ಕೇಳಿದವರ ಮನೆಯಲ್ಲೂ ಯಾರೋ ಇರುತ್ತಾರೆ, ಹೇಳಿಕೊಂಡಿರುವುದಿಲ್ಲ ಅಷ್ಟೇ. ಮಂಡ್ಯದವರು ಯಾರಿಗೂ ಗೊತ್ತಾಗದಿರಲಿ ಅಂತ ಮೈಸೂರಿಗೆ ಬರುತ್ತಾರೆ, ಮೈಸೂರಿನವರು ಅದೇ ಕಾರಣಕ್ಕೆ ಬೆಂಗಳೂರಿನ ರೈಲು ಹತ್ತುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ದೂರ ಹೆಚ್ಚಾದಷ್ಟೂ ಎರಡನೇ ಭೇಟಿ ತಪ್ಪುತ್ತದೆ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು 2014ರಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ಹೊರಗಿನವರ ಮಾತಿಗಿಂತ ಮನೆಯವರ ಮಾತು ಹೆಚ್ಚು ತಾಗುತ್ತದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಟೀಕೆ, ಹಗೆ, ಅತಿಯಾದ ಕಾವಲು ಇದ್ದ ಮನೆಗಳಿಗೆ ವಾಪಸ್ ಹೋದವರಲ್ಲಿ ಸ್ಕಿಜೋಫ್ರೀನಿಯಾ ಮರುಕಳಿಸುವುದು ಜಾಸ್ತಿ. ಆಮೇಲೆ ಚಂಡೀಗಢದಲ್ಲೂ ನೋಡಿದರು. ಅಲ್ಲಿನ ಮನೆಗಳಲ್ಲಿ, ಅದರಲ್ಲೂ ಹಳ್ಳಿಗಳಲ್ಲಿ, ಟೀಕೆ ಲಂಡನ್ನಿಗಿಂತ ಕಡಿಮೆ ಇತ್ತು. ನಮ್ಮ ಮನೆಗಳಿಗೆ ಈ ಶಕ್ತಿ ಇದೆ, ಅದನ್ನು ಕಳೆದುಕೊಳ್ಳಬಾರದು. "ಎದ್ದು ಏನಾದ್ರೂ ಮಾಡು" ಅನ್ನುವುದು ಟೀಕೆ. "ಬಾ, ಈ ಬಕೆಟ್ಟಿನ ಬಟ್ಟೆ ಇಬ್ರೂ ಒಣಗಿಸೋಣ" ಅನ್ನುವುದು ನೆರವು. ಎರಡನೆಯದರಲ್ಲಿ ಕೆಲಸ ಯಾವುದು ಅಂತ ಗೊತ್ತು, ಎಷ್ಟು ಅಂತ ಗೊತ್ತು, ಜೊತೆಗೆ ಒಬ್ಬರಿದ್ದಾರೆ. ಮುಗಿದ ಮೇಲೆ "ನೋಡು, ಮನಸ್ಸು ಮಾಡಿದ್ರೆ ಆಗುತ್ತೆ" ಅಂತ ಮಾತ್ರ ದಯವಿಟ್ಟು ಸೇರಿಸಬೇಡಿ. ಆ ಒಂದು ಮಾತಿಗೆ ಬಟ್ಟೆ ಒಣಗಿಸಿದ್ದೆಲ್ಲ ನೀರಿಗೆ ಹೋಗುತ್ತದೆ.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಖಿನ್ನತೆಯ ಮಾತ್ರೆ ಶುರುಮಾಡಿ ಎಂಟು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಟ್ಟವರು ಬಹಳ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಬಿಟ್ಟ ದಿನವೇ ನಾಲೆಯ ಕೊನೆಯ ಗದ್ದೆಗೆ ನೀರು ಬರಲ್ಲ, ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡರಿಂದ ನಾಲ್ಕು ವಾರಕ್ಕೆ ಬದಲಾವಣೆ ಕಾಣಲು ಶುರುವಾಗುತ್ತದೆ, ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು ಕಾಲ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಬಿಡುವುದಾದರೆ ಡಾಕ್ಟರ ಜೊತೆ ಮಾತಾಡಿ ನಿಧಾನವಾಗಿ ಬಿಡಬೇಕು. ಬೆಳಿಗ್ಗೆ ತೂಕಡಿಕೆ ಬರುತ್ತಿದ್ದರೆ ಹೇಳಿ. ಹೊತ್ತು ಬದಲಿಸಬಹುದು, ಪ್ರಮಾಣ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು.

ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಕುಗ್ಗಿ ಕೆಲವು ಕಾಲ ಅತಿಯಾಗಿ ಉಕ್ಕುವ ಕಾಯಿಲೆ ಇರುವವರಿಗೆ ಒಂದು ಮಾತು. ನಿಮ್ಮಲ್ಲಿ ಹುಮ್ಮಸ್ಸು ಒಂದೇ ಸಲ ಉಕ್ಕಿ ಬಂದರೆ ಸಂತೋಷಪಡುವ ಮುಂಚೆ ನಿದ್ದೆಯ ಲೆಕ್ಕ ನೋಡಿ. ಮೂರು ಗಂಟೆ ಮಲಗಿಯೂ ಸುಸ್ತಿಲ್ಲ, ಹೊಸ ವ್ಯಾಪಾರದ ಯೋಚನೆ, ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಅಂದರೆ ಅದು ಚೇತರಿಕೆಯಲ್ಲ. ತಡಮಾಡದೆ ಬಂದು ತೋರಿಸಿ. ಈ ಕಾಯಿಲೆಯಲ್ಲಿ ಮಲಗುವ ಹೊತ್ತು, ಏಳುವ ಹೊತ್ತು, ಊಟದ ಹೊತ್ತು ಒಂದೇ ಆಗಿರುವುದು ಚಿಕಿತ್ಸೆಯ ಭಾಗವೇ. ದಸರಾ ದೀಪಾಲಂಕಾರ ನೋಡಲು ಹೋದರೂ ಹೊತ್ತಿಗೆ ಸರಿಯಾಗಿ ಮನೆ ಸೇರಿ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ.

"ಮನಸ್ಸು ಬರಲ್ಲ" ಅನ್ನುತ್ತಿದ್ದವರು ಒಂದು ದಿನ "ನಾನಿದ್ದು ಯಾರಿಗೇನು ಪ್ರಯೋಜನ" ಅನ್ನಲು ಶುರುಮಾಡಿದರೆ ಸೊಪ್ಪು, ಕ್ಯಾಲೆಂಡರ್ ಎಲ್ಲ ಪಕ್ಕಕ್ಕಿಡಿ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ತಪ್ಪು, ಹೆಚ್ಚಿನವರಿಗೆ ಕೇಳಿದ್ದೇ ಹಗುರವೆನಿಸುತ್ತದೆ. ಮನೆಯಲ್ಲಿ ಗದ್ದೆಗೆ ಹೊಡೆಯುವ ಔಷಧಿ ಇದ್ದರೆ ಅವತ್ತೇ ಬೇರೆಯವರ ಮನೆಗೆ ಸಾಗಿಸಿ, ಮಾತ್ರೆಗಳನ್ನು ಒಬ್ಬರು ತಮ್ಮ ಹತ್ತಿರ ಇಟ್ಟುಕೊಳ್ಳಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸಹಾಯವಾಣಿ ಟೆಲಿ ಮನಸ್, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ ಇದೆ. ರಾತ್ರಿಯಾದರೂ ಕರೆದುಕೊಂಡು ಹೋಗಿ. ಅಲ್ಲಿಗೆ ಹೋಗುವವರೆಗೆ ಅವರೊಬ್ಬರನ್ನೇ ಬಿಡಬೇಡಿ.