ಮೊದಲ ಸ್ಕೀ ಪ್ರವಾಸಕ್ಕೆ ದೊಡ್ಡ ಬೆಟ್ಟ ಬೇಕಿಲ್ಲ

ಚಳಿಗಾಲದ ಪ್ರವಾಸ ಯೋಜಿಸಿಕೊಡಿ ಎಂದು ನನ್ನ ಬಳಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ಒಂದು ಊರಿನ ಹೆಸರನ್ನು ಮೊದಲೇ ನಿಶ್ಚಯಿಸಿಕೊಂಡು ಬಂದಿರುತ್ತವೆ. ಅದು ಸ್ವಿಟ್ಜರ್ಲೆಂಡಿನದೋ ಫ್ರಾನ್ಸಿನದೋ ಹೆಸರಾಂತ ಊರಾಗಿರುತ್ತದೆ. ಊರಿನ ಮಾತಿಗೆ ಹೋಗುವ ಮೊದಲು ನಾನು ಎರಡು ಸಂಗತಿ ಕೇಳುತ್ತೇನೆ: ಮನೆಯಲ್ಲಿ ಎಷ್ಟು ಮಂದಿ ಇದುವರೆಗೆ ಹಿಮದ ಮೇಲೆ ಕಾಲಿಟ್ಟಿಲ್ಲ, ಮತ್ತು ಎಲ್ಲರಿಗಿಂತ ಚಿಕ್ಕ ಮಗುವಿಗೆ ಎಷ್ಟು ವರ್ಷ. ಬೆಂಗಳೂರಿನಿಂದ ಹೊರಡುವ ಕುಟುಂಬಗಳಲ್ಲಿ ಮೊದಲ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ 'ಎಲ್ಲರೂ' ಎಂದೇ ಇರುತ್ತದೆ. ಆ ಉತ್ತರ ಬಂದಾಗ ಊರಿನ ಆಯ್ಕೆಯ ಲೆಕ್ಕಾಚಾರವೇ ಬದಲಾಗುತ್ತದೆ.

ಫ್ರಾನ್ಸಿನ ತ್ರೀ ವ್ಯಾಲೀಸ್ ಪ್ರದೇಶದಲ್ಲಿ ಒಂದಕ್ಕೊಂದು ಜೋಡಿಸಿದ ಸ್ಕೀ ಹಾದಿಗಳ ಉದ್ದ ಸುಮಾರು 600 ಕಿಲೋಮೀಟರ್. ನುರಿತ ಸ್ಕೀಗಾರನಿಗೆ ಅದು ಸ್ವರ್ಗವೇ ಸರಿ. ಆದರೆ ಮೊದಲ ವಾರ ಕಲಿಯುವವರಿಗೆ ಬೇಕಾಗುವುದು ಕೆಲವು ನೂರು ಮೀಟರ್ ಉದ್ದದ, ಅಗಲವಾದ, ಕೊನೆಯಲ್ಲಿ ತಾನಾಗಿಯೇ ಸಮತಟ್ಟಾಗುವ ಒಂದು ಇಳಿಜಾರು ಮಾತ್ರ. ಮೊದಲ ದಿನ ಬೂಟು ಹಾಕಿಕೊಂಡು ನಡೆಯುವುದು, ಬಿದ್ದರೆ ಏಳುವುದು, ಸ್ಕೀ ಪಟ್ಟಿಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವುದು, ಇಷ್ಟರಲ್ಲೇ ಹೊತ್ತು ಕಳೆಯುತ್ತದೆ. ಹೀಗೆ ವೇಗ ತಡೆಯುವ ಭಂಗಿಗೆ ಯುರೋಪಿನಲ್ಲಿ 'ಹಿಮದ ನೇಗಿಲು' ಎಂಬ ಅರ್ಥದ ಹೆಸರಿದೆ. ಮೇಲೇರಲು 'ಮ್ಯಾಜಿಕ್ ಕಾರ್ಪೆಟ್' ಎಂಬ ಚಲಿಸುವ ಪಟ್ಟಿ ಸಾಕು; ಅದರ ಮೇಲೆ ನಿಂತರೆ ಅದೇ ಮೇಲಕ್ಕೆ ಒಯ್ಯುತ್ತದೆ. ಮೂರನೆಯ ದಿನ ತಿರುವು ತೆಗೆದುಕೊಳ್ಳಲು ಬಂದರೆ, ನಾಲ್ಕನೆಯ ಅಥವಾ ಐದನೆಯ ದಿನ ಚೇರ್‌ಲಿಫ್ಟ್ (ತಂತಿಗೆ ತೂಗುಹಾಕಿದ, ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ) ಹತ್ತಿ ಒಂದು ಸುಲಭವಾದ ಹಾದಿಯಲ್ಲಿ ಇಳಿದು ಬಂದರೆ, ಅದನ್ನು ಒಳ್ಳೆಯ ವಾರ ಎನ್ನಬೇಕು. ಉಳಿದ ನೂರಾರು ಕಿಲೋಮೀಟರಿಗೆ ಕೊಟ್ಟ ಹಣ ಆ ಕುಟುಂಬದ ಉಪಯೋಗಕ್ಕೆ ಬರುವುದಿಲ್ಲ.

ಈ ತಿಳಿವಳಿಕೆ ನನಗೆ ಮೊದಲಿನಿಂದ ಇರಲಿಲ್ಲ. ಈ ವೃತ್ತಿಗೆ ಬಂದ ಹೊಸದರಲ್ಲಿ ಒಂದು ಕುಟುಂಬವನ್ನು ಆಲ್ಪ್ಸ್ ಪರ್ವತದ ಹೆಸರಾಂತ ಊರೊಂದಕ್ಕೆ ಕಳುಹಿಸಿದ್ದೆ. ತಂದೆ, ತಾಯಿ, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು. ಇಡೀ ಪ್ರದೇಶದ ಲಿಫ್ಟುಗಳಿಗೆ ಅನ್ವಯಿಸುವ ಆರು ದಿನದ ಪಾಸನ್ನು ನಾಲ್ವರಿಗೂ ಮುಂಗಡವಾಗಿ ಕೊಂಡಿದ್ದೆವು. ಕಲಿಕೆಯ ಇಳಿಜಾರು ಅವರ ವಸತಿಯಿಂದ ಎರಡು ಬಸ್ಸುಗಳ ದೂರದಲ್ಲಿತ್ತು. ಬೂಟು, ಸ್ಕೀ, ಕೋಲು ಹೊತ್ತುಕೊಂಡು, ಅಳುವ ಮಗುವನ್ನು ಎಳೆದುಕೊಂಡು ತಂದೆತಾಯಿ ದಿನಕ್ಕೆರಡು ಸಲ ಆ ದಾರಿ ಸವೆಸಿದರು. ನಾಲ್ಕನೆಯ ದಿನ ಚಿಕ್ಕ ಮಗು ಬೂಟು ಹಾಕಿಕೊಳ್ಳಲು ಒಪ್ಪಲಿಲ್ಲ. ಆರಂಭಿಕರ ಲಿಫ್ಟುಗಳಿಗೆ ಮಾತ್ರ ಸಲ್ಲುವ ಅಗ್ಗದ ಪಾಸು ಅಲ್ಲಿಯೇ ಸಿಗುತ್ತಿತ್ತು ಎಂಬುದು ನನಗೆ ತಿಳಿದದ್ದು ಅವರು ಹಿಂದಿರುಗಿದ ಮೇಲೆ. ಅಂದಿನಿಂದ ಬೆಟ್ಟದ ನಕ್ಷೆಯನ್ನು ನಾನು ತುದಿಯಿಂದ ಓದುವುದನ್ನು ಬಿಟ್ಟು ಬುಡದಿಂದ ಓದುತ್ತೇನೆ. ಕಲಿಕೆಯ ಇಳಿಜಾರು ಎಲ್ಲಿದೆ, ಅದರ ಪಕ್ಕದಲ್ಲೇ ಶೌಚಾಲಯವೂ ಬೆಚ್ಚನೆಯ ಕೋಣೆಯೂ ಇವೆಯೇ, ಆ ಇಳಿಜಾರನ್ನು ವೇಗವಾಗಿ ಇಳಿಯುವ ನುರಿತವರು ಅಡ್ಡಹಾಯುತ್ತಾರೆಯೇ, ವಸತಿಯಿಂದ ಅಲ್ಲಿಗೆ ಮಗು ನಡೆದು ಹೋಗಬಹುದೇ ಎಂಬುದನ್ನು ವಿಚಾರಿಸಿಯೇ ಮುಂದುವರಿಯುತ್ತೇನೆ.

ಹೀಗೆ ಓದಿದಾಗ ಮೇಲೆ ಬರುವ ಹೆಸರುಗಳಲ್ಲಿ ಜಾರ್ಜಿಯಾ ದೇಶದ ಬಕುರಿಯಾನಿ ಒಂದು. ಜಾರ್ಜಿಯಾದಲ್ಲಿ ಸ್ಕೀ ಎಂದೊಡನೆ ಹೆಚ್ಚಿನವರು ಹೇಳುವುದು ಗುಡೌರಿಯನ್ನು. ಅದು ರಾಜಧಾನಿ ಟಿಬಿಲಿಸಿಯಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ, ರಷ್ಯಾದ ಕಡೆಗೆ ಹೋಗುವ ಹಳೆಯ ಮಿಲಿಟರಿ ಹೆದ್ದಾರಿಯ ಮೇಲೆ, ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಿಮ ಧಾರಾಳ, ಹಾದಿಗಳು ಉದ್ದ. ಆದರೆ ಅದು ಮರಗಳಿಲ್ಲದ ಬೋಳು ಬೆಟ್ಟ. ಮೋಡ ಇಳಿದ ದಿನ ನೆಲ ಯಾವುದು, ಆಕಾಶ ಯಾವುದು ಎಂದು ಗುರುತಿಸಲಾಗದಷ್ಟು ಎಲ್ಲವೂ ಬಿಳಿಯಾಗಿಬಿಡುತ್ತದೆ. ಗಾಳಿ ಜೋರಾದರೆ ಮೇಲಿನ ಲಿಫ್ಟುಗಳನ್ನು ನಿಲ್ಲಿಸುತ್ತಾರೆ. ಅನುಭವಿಗಳಿಗೇ ಕಷ್ಟವಾಗುವ ಆ ಬೆಳಕಿನಲ್ಲಿ ಏಳು ವರ್ಷದ ಮಗುವಿಗೆ ತಿರುವು ಕಲಿಸುವುದು ಆಗದ ಮಾತು.

ಬಕುರಿಯಾನಿ ಇರುವುದು ಲೆಸ್ಸರ್ ಕಾಕಸಸ್ ಶ್ರೇಣಿಯಲ್ಲಿ, ಸುಮಾರು 1,700 ಮೀಟರ್ ಎತ್ತರದಲ್ಲಿ, ಸೂಚಿಪರ್ಣಿ ಕಾಡಿನ ನಡುವೆ. ಕಾಡು ಗಾಳಿಯನ್ನು ತಡೆಯುತ್ತದೆ. ಮಂಜು ಕವಿದ ದಿನವೂ ಹಾದಿಯ ಇಕ್ಕೆಲದ ಮರಗಳು ಕಣ್ಣಿಗೆ ಆಧಾರವಾಗುತ್ತವೆ. ಟಿಬಿಲಿಸಿಯಿಂದ ಗೋರಿ, ಖಶೂರಿ, ಬೋರ್ಜೋಮಿಗಳ ಮೂಲಕ ಮೂರು ಗಂಟೆಯ ಆಸುಪಾಸಿನ ರಸ್ತೆ ಪ್ರಯಾಣ. ಬೋರ್ಜೋಮಿ ದಾಟಿದ ಮೇಲಷ್ಟೇ ತಿರುವುಗಳ ಏರುದಾರಿ ಶುರುವಾಗುತ್ತದೆ. ಯುರೋಪಿನಲ್ಲಿ ನೆಲೆಸಿದ ಕನ್ನಡಿಗರಿಗೆ ಕಡಿಮೆ ದರದ ವಿಮಾನಗಳು ಇಳಿಯುವ ಕುತೈಸಿಯೂ ಅನುಕೂಲವಾದೀತು. ಬೋರ್ಜೋಮಿಯಿಂದ ಬಕುರಿಯಾನಿಗೆ 37 ಕಿಲೋಮೀಟರ್ ಉದ್ದದ ಕಿರು ಅಳತೆಯ ರೈಲು ಮಾರ್ಗವಿದೆ. 1902ರಲ್ಲಿ ಆರಂಭವಾದ ಆ ರೈಲಿಗೆ ಜನರಿಟ್ಟ ಹೆಸರು 'ಕುಕುಷ್ಕಾ'. ದುರಸ್ತಿಗಾಗಿ ಅದರ ಓಡಾಟ ದೀರ್ಘಕಾಲ ನಿಂತದ್ದೂ ಉಂಟು. ಆದ್ದರಿಂದ ಮಕ್ಕಳಿಗೆ ರೈಲಿನ ಮಾತು ಕೊಡುವ ಮೊದಲು ವಿಚಾರಿಸಿಕೊಳ್ಳಿ.

ಆ ಊರಿನಲ್ಲಿ ಲಿಫ್ಟುಗಳು ಒಂದೇ ಕಡೆ ಇಲ್ಲ ಎಂಬುದನ್ನು ಮಾತ್ರ ಬುಕಿಂಗ್‌ಗೆ ಮೊದಲೇ ತಿಳಿದಿರಬೇಕು. ದಿದ್ವೇಲಿ, ಕೊಖ್ತಾ ಎಂಬ ಬೆಟ್ಟಗಳು ಒಂದೊಂದು ದಿಕ್ಕಿನಲ್ಲಿವೆ. ಇವಲ್ಲದೆ ಊರಿಗೆ ಅಂಟಿಕೊಂಡಂತೆ '25 ಮೀಟರ್' ಎಂದು ಸ್ಥಳೀಯರು ಕರೆಯುವ ಸಣ್ಣ ಇಳಿಜಾರೊಂದಿದೆ. ಆರಂಭಿಕರೂ, ಹಿಮದ ಜಾರುಬಂಡಿಯಲ್ಲಿ ಆಡುವ ಮಕ್ಕಳೂ ಸೇರುವುದು ಅಲ್ಲಿ. ವಸತಿಯನ್ನು ಆ ಇಳಿಜಾರಿನ ಹತ್ತಿರ ಹಿಡಿದರೆ ಮೊದಲ ಮೂರು ದಿನ ಟ್ಯಾಕ್ಸಿಯ ಅಗತ್ಯವೇ ಬೀಳುವುದಿಲ್ಲ. ಅಗ್ಗವೆಂದು ಊರಾಚೆಯ ಅತಿಥಿಗೃಹ ಹಿಡಿದರೆ ಉಳಿಸಿದ ಹಣ ಟ್ಯಾಕ್ಸಿಗೆ ಹೋಗುತ್ತದೆ, ಮಗುವಿನ ಮಧ್ಯಾಹ್ನದ ನಿದ್ದೆಯೂ ಹೋಗುತ್ತದೆ. ಆತ್ಮವಿಶ್ವಾಸ ಬಂದ ಮೇಲೆ ದಿದ್ವೇಲಿಗೆ ಹೋಗಬಹುದು. 2023ರಲ್ಲಿ ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಶಿಪ್ ಬಕುರಿಯಾನಿಯಲ್ಲೇ ನಡೆದಿತ್ತು. ಹಾಗಾಗಿ ಇಲ್ಲಿನ ಸೌಕರ್ಯಗಳು ಊರಿನ ಗಾತ್ರಕ್ಕೆ ಮೀರಿ ಚೆನ್ನಾಗಿವೆ, ದರಗಳು ಆಲ್ಪ್ಸ್‌ಗಿಂತ ಬಹಳ ಕೆಳಗಿವೆ.

ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿರುವ ನಮ್ಮ ಕುಟುಂಬಗಳಿಗೆ ನಾನು ಹೇಳುವ ಇನ್ನೊಂದು ಹೆಸರು ಬಲ್ಗೇರಿಯಾದ ರೊಡೊಪಿ ಬೆಟ್ಟಗಳಲ್ಲಿರುವ ಪಂಪೊರೊವೊ. ಅಗ್ಗದ ಸ್ಕೀಗೆ ಆ ದೇಶದಲ್ಲಿ ಹೆಸರಾದದ್ದು ಬಾನ್ಸ್ಕೊ. ಆದರೆ ಅಲ್ಲಿ ಊರು ಕಣಿವೆಯಲ್ಲಿದ್ದು, ಹಿಮದ ಹಾದಿಗಳ ಕಡೆಗೆ ಗೊಂಡೋಲಾ (ತಂತಿಯ ಮೇಲೆ ತೂಗುತ್ತ ಸಾಗುವ ಮುಚ್ಚಿದ ಪೆಟ್ಟಿಗೆ) ಏರಿ ಹೋಗಬೇಕು. ರಜೆಯ ವಾರಗಳಲ್ಲಿ ಬೆಳಿಗ್ಗೆ ಆ ಗೊಂಡೋಲಾದ ಸಾಲು ಚಿಕ್ಕ ಮಕ್ಕಳ ತಾಳ್ಮೆಗೆ ಮೀರಿದ್ದು. ಪಂಪೊರೊವೊದ ಹೋಟೆಲುಗಳು ಸುಮಾರು 1,650 ಮೀಟರ್ ಎತ್ತರದಲ್ಲಿ ಕಾಡಿನೊಳಗೇ ಇವೆ. ಸ್ನೆಜಾಂಕಾ ಶಿಖರದಿಂದ ಇಳಿಯುವ ಹಾದಿಗಳಲ್ಲಿ ಹಲವು ಆರಂಭಿಕರಿಗೂ ಒಗ್ಗುವಷ್ಟು ಸೌಮ್ಯವಾಗಿವೆ. ಆ ಶಿಖರದ ಎತ್ತರ 1,926 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ಅಲ್ಲಿ ಹಿಮ ಬೀಳುವುದು 41 ಡಿಗ್ರಿ ದಾಟಿದ ಉತ್ತರ ಅಕ್ಷಾಂಶದ ಕೃಪೆಯಿಂದಲೇ ಹೊರತು ಎತ್ತರದಿಂದಲ್ಲ, ಮತ್ತು ಅದರ ದೌರ್ಬಲ್ಯವೂ ಅದೇ. ಬೆಚ್ಚನೆಯ ಚಳಿಗಾಲದಲ್ಲಿ ಹಿಮ ತೆಳುವಾಗುತ್ತದೆ. ಕೃತಕ ಹಿಮದ ಯಂತ್ರಗಳಿವೆ ನಿಜ. ಆದರೆ ಗಾಳಿ ಒಣಗಿದ್ದು, ತಾಪಮಾನ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿಯದಿದ್ದರೆ ಅವು ಕೆಲಸ ಮಾಡುವುದಿಲ್ಲ. ಭಾರತೀಯ ಪಾಸ್‌ಪೋರ್ಟಿನವರಿಗೆ ಈಗ ಬಲ್ಗೇರಿಯಾ ಪ್ರಯಾಣ ಸುಲಭವಾಗಿದೆ: 2025ರ ಜನವರಿ 1ರಿಂದ ಅದು ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟವಾದ ಷೆಂಗೆನ್ ವಲಯದ ಪೂರ್ಣ ಸದಸ್ಯ, 2026ರ ಜನವರಿ 1ರಿಂದ ಅಲ್ಲಿ ನಡೆಯುವುದು ಯೂರೋ.

ನಮ್ಮ ದೇಶದಲ್ಲೇ ಇಲ್ಲವೇ ಎಂದು ಕೇಳುವವರಿಗೆ ಗುಲ್ಮಾರ್ಗ್ ಇದೆ. ಊರಿನ ಬಟ್ಟಲಿನಾಕಾರದ ಬಯಲಿನ ಅಂಚಿನಲ್ಲಿ ಕಲಿಯುವವರಿಗೆ ಒಳ್ಳೆಯ ಇಳಿಜಾರುಗಳಿವೆ. ಆದರೆ ಅದು ಸುಮಾರು 2,650 ಮೀಟರ್ ಎತ್ತರ. ಎತ್ತರದ ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ; ಅಜ್ಜ ಅಜ್ಜಿ ಜೊತೆಗಿದ್ದರೆ ವೈದ್ಯರನ್ನು ಕೇಳಿಯೇ ಹೊರಡಬೇಕು. ಉತ್ತರಾಖಂಡದ ಔಲಿ ನನಗೆ ಪ್ರಿಯವಾದ ಊರು. ಆದರೆ 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಅಲ್ಲಿಂದ ಔಲಿಗೆ ಏರುತ್ತಿದ್ದ ರೋಪ್‌ವೇ ನಿಂತಿತು. ಹಿಮವೂ ವರ್ಷದಿಂದ ವರ್ಷಕ್ಕೆ ಏರುಪೇರಾಗುವುದರಿಂದ, ದಿನಾಂಕ ಬದಲಿಸಲಾಗದ ಕುಟುಂಬಗಳಿಗೆ ಅದನ್ನು ನಾನು ಸೂಚಿಸುವುದಿಲ್ಲ.

ದಿನಾಂಕದ ಮಾತನ್ನು ವಿವರವಾಗಿ ಹೇಳಲೇಬೇಕು. ಖರ್ಚು ನಿರ್ಧಾರವಾಗುವುದು ಊರಿನಷ್ಟೇ ದಿನಾಂಕದಿಂದ. ಕರ್ನಾಟಕದ ಕುಟುಂಬಗಳಿಗೆ ದಸರಾ ರಜೆ ಸ್ಕೀಗೆ ಬಹಳ ಬೇಗ, ಬೇಸಿಗೆ ರಜೆ ಬಹಳ ತಡ. ಉಳಿಯುವುದು ಕ್ರಿಸ್‌ಮಸ್ ರಜೆ. ಆ ವಾರ ಎಲ್ಲೆಡೆ ದುಬಾರಿ. ಹಿಮವೂ ಆಗ ಪೂರ್ಣವಾಗಿ ಕೂಡಿರುವುದಿಲ್ಲ. ಜಾರ್ಜಿಯಾದಲ್ಲಿ ಆರ್ಥೊಡಾಕ್ಸ್ ಕ್ರಿಸ್‌ಮಸ್ ಜನವರಿ 7ಕ್ಕೆ ಬರುವುದರಿಂದ ಸ್ಥಳೀಯರ ಜಂಗುಳಿ ಹೊಸ ವರ್ಷದಿಂದ ಆ ತನಕವೂ ಇರುತ್ತದೆ. ಅದು ಕಳೆದು ಜನವರಿ ಮಧ್ಯಕ್ಕೆ ಬಂದರೆ ಕೋಣೆಯ ದರ ಇಳಿಯುತ್ತದೆ, ತರಬೇತುದಾರರಿಗೆ ಬಿಡುವಿರುತ್ತದೆ, ಹಿಮವೂ ಗಟ್ಟಿಯಾಗಿ ಕೂತಿರುತ್ತದೆ. ಮಕ್ಕಳು ಐದನೆಯ ತರಗತಿಯೊಳಗಿದ್ದರೆ ಸಂಕ್ರಾಂತಿಯಿಂದ ಗಣರಾಜ್ಯೋತ್ಸವದ ನಡುವೆ ಶಾಲೆಯ ಅನುಮತಿ ಪಡೆದು ಒಂದು ವಾರ ಹೊಂದಿಸಿಕೊಳ್ಳಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಬ್ರಿಟನ್ನಿನಲ್ಲಿರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರಿಗೆ ಫೆಬ್ರುವರಿಯ ಅರ್ಧಾವಧಿ ರಜೆಯೇ ಗತಿ. ಹೆಸರಾಂತ ಊರು ಬಿಟ್ಟು ಸಣ್ಣ ಊರು ಹಿಡಿಯುವುದರ ಲಾಭ ಅತಿ ಹೆಚ್ಚು ಕಾಣುವುದು ಆ ವಾರದಲ್ಲೇ.

ಹೀಗೆ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಮೊದಲು ತರಬೇತಿಗೆ ಹಾಕಿ. ಗಂಡ ಹೆಂಡತಿಗೆ, ಅಪ್ಪ ಮಗನಿಗೆ ಕಲಿಸಲು ಹೋಗುವುದರಿಂದ ಸ್ಕೀ ಬರುವುದಿಲ್ಲ, ಮನಸ್ತಾಪ ಬರುತ್ತದೆ. ನಾಲ್ಕೈದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಸ್ಕೀ ಪಾಠಕ್ಕೆ ಒತ್ತಾಯಿಸಬೇಡಿ, ಅವರಿಗೆ ಜಾರುಬಂಡಿಯೇ ಸಾಕಷ್ಟು ಸುಖ. ದೊಡ್ಡವರಿಗೂ ದಿನಕ್ಕೆ ಎರಡು ಗಂಟೆಯ ಪಾಠ, ಆಮೇಲೆ ಒಂದು ಗಂಟೆಯ ಅಭ್ಯಾಸ ಸಾಕು. ನನ್ನ ಪ್ರವಾಸಿಗರು ಪೆಟ್ಟು ಮಾಡಿಕೊಂಡದ್ದು ಹೆಚ್ಚಾಗಿ ಕಾಲು ಸೋತಿರುವ ಸಂಜೆಯ 'ಇನ್ನೊಂದೇ ಸಲ' ಎಂಬ ಇಳಿತದಲ್ಲಿ.

ಎರಡನೆಯದು ಬೂಟು. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ಮುಂಭಾಗವನ್ನು ಸವರಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಚಳಿಗೆಂದು ಎರಡೆರಡು ಕಾಲುಚೀಲ ಹಾಕಿದರೆ ರಕ್ತಸಂಚಾರ ಕುಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ; ಮೊಣಕಾಲಿನವರೆಗಿನ ತೆಳುವಾದ ಒಂದೇ ಜೊತೆ ಸರಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವಂತೆ ಬಾಡಿಗೆ ಅಂಗಡಿಯವರು ಅದನ್ನು ಹೊಂದಿಸುತ್ತಾರೆ. ಅದಕ್ಕೆ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಅನುಭವ ಇವೆಲ್ಲ ಬೇಕು. ಅಲ್ಲಿ ಸಂಕೋಚಪಟ್ಟು ತೂಕ ಕಡಿಮೆ ಹೇಳಬೇಡಿ, ಅನುಭವ ಹೆಚ್ಚು ಹೇಳಬೇಡಿ. ತೂಕ ಕಡಿಮೆ ಹೇಳಿದರೆ ಬೈಂಡಿಂಗ್ ಬೇಡದಾಗ ಬಿಚ್ಚಿಕೊಳ್ಳುತ್ತದೆ; ಅನುಭವ ಹೆಚ್ಚು ಹೇಳಿದರೆ ಬಿಚ್ಚಿಕೊಳ್ಳಬೇಕಾದಾಗ ಬಿಚ್ಚದೆ ಮೊಣಕಾಲನ್ನು ತಿರುಚುತ್ತದೆ. ಹೆಲ್ಮೆಟ್ ಕಾನೂನು ಕೇಳಲಿ ಬಿಡಲಿ ಎಲ್ಲರಿಗೂ ಬೇಕು. ಜಾಕೆಟ್ಟು, ಪ್ಯಾಂಟು ಬಾಡಿಗೆಗೆ ಸಿಗುತ್ತವೆ. ಮನೆಯಿಂದ ಒಯ್ಯಬೇಕಾದದ್ದು ಒಳ ಉಡುಪು. ನಮ್ಮ ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಲಿಫ್ಟಿನಲ್ಲಿ ಕೂತಾಗ ಮೈ ನಡುಗಿಸುತ್ತದೆ. ಉಣ್ಣೆಯದು ಅಥವಾ ಪಾಲಿಯೆಸ್ಟರಿನ ಥರ್ಮಲ್ ತೆಗೆದುಕೊಳ್ಳಿ.

ಮೂರನೆಯದು ವಿಮೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೆಂಬುದು ಹೆಚ್ಚಿನವರಿಗೆ ಗೊತ್ತು. ಆದರೆ ವೀಸಾಕ್ಕೆ ಸಲ್ಲುವ ವಿಮೆ ಸ್ಕೀಯಿಂಗ್‌ನಲ್ಲಾದ ಗಾಯಕ್ಕೆ ಸಲ್ಲಬೇಕೆಂದಿಲ್ಲ. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಚಳಿಗಾಲದ ಕ್ರೀಡೆ, ಬೆಟ್ಟದಿಂದ ರಕ್ಷಿಸಿ ತರುವ ವೆಚ್ಚ, ನಾವು ಬೇರೆಯವರಿಗೆ ಡಿಕ್ಕಿ ಹೊಡೆದರೆ ಕೊಡಬೇಕಾಗುವ ಪರಿಹಾರ, ಈ ಮೂರೂ ಪಾಲಿಸಿಯಲ್ಲಿ ಬರಹದಲ್ಲಿವೆಯೇ ನೋಡಿಕೊಳ್ಳಿ. ಸ್ಲೊವಾಕಿಯಾದಂಥ ಕಡೆ ಪರ್ವತ ರಕ್ಷಣಾ ಸೇವೆಯ ವೆಚ್ಚವನ್ನು ರಕ್ಷಿಸಲ್ಪಟ್ಟವರೇ ಭರಿಸಬೇಕು. ಇಟಲಿಯಲ್ಲಿ ಇತರರಿಗಾಗುವ ಹಾನಿಯ ವಿಮೆ 2022ರಿಂದ ಸ್ಕೀ ಹಾದಿಗಿಳಿಯುವ ಎಲ್ಲರಿಗೂ ಕಡ್ಡಾಯ.

ಸ್ಕೀ ಮಾಡದ ಹಿರಿಯರಿಗೂ ಆ ವಾರದಲ್ಲಿ ಪಾಲಿರಬೇಕು. ಬಕುರಿಯಾನಿಯಿಂದ ಬೋರ್ಜೋಮಿಗೆ ಇಳಿದರೆ ಖನಿಜಜಲದ ಬುಗ್ಗೆಯಿರುವ ಉದ್ಯಾನವಿದೆ. ಇನ್ನಷ್ಟು ದೂರ ಹೋದರೆ ಅಖಲ್‌ತ್ಸಿಖೆಯ ರಬಾತಿ ಕೋಟೆಯಿದೆ. ಸಸ್ಯಾಹಾರದ ಚಿಂತೆಯನ್ನು ನನ್ನ ಬಳಿ ಮೊದಲು ಎತ್ತುವವರೂ ಅವರೇ. ಜಾರ್ಜಿಯಾದ ಅಡುಗೆಯಲ್ಲಿ ನಮ್ಮ ಹುರುಳಿಕಾಳಿನ ಸಾರಿನಷ್ಟೇ ಮನೆಯ ರುಚಿ ಕೊಡುವ 'ಲೋಬಿಯೊ' ಎಂಬ ಕಾಳಿನ ಪದಾರ್ಥವಿದೆ, ಜೋಳದ ಹಿಟ್ಟಿನ 'ಮ್ಚಾದಿ' ರೊಟ್ಟಿಯಿದೆ (ಇದು ಮುಸುಕಿನ ಜೋಳ), ಬದನೆಕಾಯಿಗೆ ಆಕ್ರೋಟಿನ ಗೊಜ್ಜು ಸವರಿದ 'ಬದ್ರಿಜಾನಿ' ಇದೆ. ಆರ್ಥೊಡಾಕ್ಸ್ ಪಂಥದವರು ನವೆಂಬರ್ 28ರಿಂದ ಜನವರಿ 6ರವರೆಗೆ, ಮತ್ತೆ ಈಸ್ಟರಿಗೆ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಟ್ಟು ವ್ರತ ಹಿಡಿಯುತ್ತಾರೆ. ಆ ಊಟಕ್ಕೆ 'ಸಮಾರ್ಖ್ವೋ' ಎನ್ನುತ್ತಾರೆ; ಅದೇ ಬೇಕೆಂದು ಕೇಳಿ. ಮೀನು ವ್ರತದ ಕೆಲವು ದಿನಗಳಲ್ಲಿ ಸಲ್ಲುವುದರಿಂದ ಅದನ್ನೂ ಹಾಕಬೇಡಿ ಎಂದು ಸೇರಿಸಿ ಹೇಳಬೇಕು. ಹಾಗೆ ಹೇಳಿದರೆ ಅತಿಥಿಗೃಹದ ಅಡುಗೆಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.